ಜಯಶೀಲಮ್ಮನ ಕೊಳಗದ ಸವಾರಿ

ಜಯಶೀಲಮ್ಮನ ಶಿವಗಣಾರಾಧನೆಯ ದಿನ ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲಿ ಅಳಬೇಕಾದವರೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ತಪ್ಪು ಅವರದಲ್ಲ. ಭದ್ರಾವತಿಯ ಕಾಗದನಗರದಿಂದ ಬಂದವರ ಕೈಯಲ್ಲೆಲ್ಲ ಅವರಿಂದ ಎಂದೋ ಒಯ್ದಿದ್ದ ಒಂದೊಂದು ಪಾತ್ರೆ, ಪಾತ್ರೆಯ ತುಂಬ ತಿಂಡಿ. ಪುಳಿಯೋಗರೆಯೇ ನಾಲ್ಕೈದು ಬಗೆಯದು ಬಂದಿತ್ತು. ಅಡುಗೆಯವರು ಒಲೆಯ ಮುಂದೆ ಕೈಕಟ್ಟಿ ನಿಂತು, "ನಮ್ಮನ್ನ ಯಾಕ್ರೀ ಕರೆಸಿದ್ರಿ?" ಎಂದು ಕೇಳಿಯೇ ಬಿಟ್ಟರು.

ಸೊಸೆ ಮೀರಾ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತು ಬರುವ ಪಾತ್ರೆಗಳನ್ನೇ ನೋಡುತ್ತಿದ್ದಳು. ಜನರ ಮುಖ ಆಮೇಲೆ.

ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎನ್ನುವುದು ಎಲ್ಲ ಕಡೆ ಇರುವ ಪದ್ಧತಿಯೇ. ಜಯಶೀಲಮ್ಮ ಅದನ್ನು ಕಾಯಿದೆ ಮಾಡಿದ್ದರು: ತಮ್ಮಿಂದ ಒಯ್ದ ಪಾತ್ರೆ ತುಂಬಿಕೊಂಡೇ ವಾಪಸು ಬರಬೇಕು. ಗಂಡ ಪೇಪರ್ ಮಿಲ್ಲಿನಲ್ಲಿದ್ದ ಕಾಲಕ್ಕೆ ಕಾಗದನಗರದ ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಮದುಮಗಳಿಗಿಂತ ಮೊದಲು ಅವರ ಪಾತ್ರೆ ಚಪ್ಪರ ಸೇರುತ್ತಿತ್ತು. ಮಾತು ಬಿಟ್ಟ ಎರಡು ಮನೆಗಳಿದ್ದರೆ ಒಬ್ಬರಿಗೆ ಪಾತ್ರೆ ಕೊಡುವರು, ಇನ್ನೊಬ್ಬರಿಗೆ ಅದರ ಮುಚ್ಚಳ. ಹಾಲು ಉಕ್ಕುವ ಹೊತ್ತಿಗೆ ಇಬ್ಬರೂ ಮಾತಾಡಲೇಬೇಕು!

ಮಿಲ್ಲು ಮುಚ್ಚಿ ಸಂಸಾರ ಶಿವಮೊಗ್ಗಕ್ಕೆ ಬಂದರೂ ಈ ಚಾಳಿ ಬಿಡಲಿಲ್ಲ. ಭದ್ರಾವತಿ ಬಸ್ಸಿನಲ್ಲಿ ಕಂಡಕ್ಟರ್ ಒಮ್ಮೆ ಲಗೇಜಿನ ಟಿಕೆಟ್ ಕೇಳಿದ. ಜಯಶೀಲಮ್ಮ ದೊಡ್ಡ ದಬರಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. "ಇದು ಲಗೇಜ್ ಅಲ್ಲಪ್ಪ, ನನ್ನ ಸೀಟು. ಸೀಟಿಗೆ ಟಿಕೆಟ್ ಆಗ್ಲೇ ತಗೊಂಡಿದೀನಿ." ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಅಮ್ಮ ದಬರಿ ಸಮೇತ ಗೇರ್ ಬಾಕ್ಸಿನವರೆಗೆ ಹೋಗಿ ಬರುತ್ತಿದ್ದರು. ಅದೇ ಕಂಡಕ್ಟರ್ ಮುಂದೆ ತನ್ನ ಗೃಹಪ್ರವೇಶಕ್ಕೆ ಅದೇ ದಬರಿಯನ್ನು ಕೇಳಿ ಒಯ್ದ.

ಇಷ್ಟಕ್ಕೆಲ್ಲ ಮೀರಾಳೂ ನಗುತ್ತಿದ್ದಳು, ತನ್ನ ಕೊಳಗದ ಸಂಗತಿ ಬರುವ ತನಕ. ಆಲ್ಕೊಳದ ತವರಿನಿಂದ ಅವಳ ತಾಯಿ ಕೊಟ್ಟ ಹಿತ್ತಾಳೆ ಕೊಳಗ ಅದು, ಮೈಮೇಲೆ ಅವಳ ಹೆಸರು ಕೆತ್ತಿದ್ದು. ತಾಯಿ ತೀರಿಕೊಂಡ ಮೇಲೆ ತವರು ಅಂತ ಉಳಿದದ್ದು ಅದೊಂದೇ. ಅದನ್ನು ಅತ್ತೆ ಒಂದು ಮಾತೂ ಕೇಳದೆ ಕಾಗದನಗರದ ಹಳೆಯ ಗೆಳತಿ ಸೆಲ್ವಮ್ಮನಿಗೆ ಮಗಳ ಸೀಮಂತಕ್ಕೆಂದು ಕೊಟ್ಟುಬಿಟ್ಟಿದ್ದರು. ಹುಟ್ಟಿದ ಮಗು ಈಗ ಸ್ಕೂಲಿಗೆ ಹೋಗುತ್ತಿದೆ, ಕೊಳಗ ಮಾತ್ರ ಬಂದಿಲ್ಲ. ಕೇಳಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ: "ಬರುತ್ತೆ ಬಿಡೆ ಮಾರಾಯ್ತಿ, ತುಂಬ್ಕೊಂಡು ಬರುತ್ತೆ."

ಒಂದು ದಿನ ಮೀರಾಳಿಗೆ ತಡೆಯಲಾಗಲಿಲ್ಲ. "ನಿಮಗೆ ಊರವರೆಲ್ಲ ಬೇಕು ಅತ್ತೆ, ಮನೆ ಸೊಸೆ ಒಬ್ಬಳು ಬೇಡ," ಎಂದುಬಿಟ್ಟಳು. ಆಮೇಲೆ ಜಯಶೀಲಮ್ಮ ಆಗಾಗ "ಸೆಲ್ವಮ್ಮನ ಹತ್ರ ಮಂಡಿಗೆ ಎಣ್ಣೆ ತಿಕ್ಕಿಸ್ಕೊಂಡು ಬರ್ತೀನಿ" ಎಂದು ಭದ್ರಾವತಿಗೆ ಹೊರಡತೊಡಗಿದರು. ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಆ ಮಂಡಿಯಲ್ಲೇ ಬಸ್ಸು ಹತ್ತಿ ಇಳಿಯುವವರನ್ನು ಮೀರಾ ಇನ್ನೆಲ್ಲೂ ಕಂಡಿರಲಿಲ್ಲ. ತನ್ನ ಮಾತು ಅತ್ತೆಗೆ ನಾಟಿತೋ, ಇಲ್ಲ ತಾನು ಅವರಿಗೆ ಲೆಕ್ಕಕ್ಕೇ ಇಲ್ಲವೋ, ಅದು ತಿಳಿಯುವ ಮೊದಲೇ ಅತ್ತೆ ಹೊರಟುಹೋದರು. ಅದೇ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಗೇಟಿನ ಮುಂದೆ ಒಂದು ಆಟೋ ನಿಂತಿತು. ಮೊದಲು ಇಳಿದದ್ದು ಕೊಳಗ, ಅದರ ಹಿಂದೆ ಸೆಲ್ವಮ್ಮ. ಮೀರಾ ಬರಿಗಾಲಲ್ಲೇ ಓಡಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಳಗ ಫಳಫಳ ಹೊಳೆಯುತ್ತಿತ್ತು. ಒಳಗೆ ಕಂಠದವರೆಗೆ ಮಂಡಕ್ಕಿ.

"ಮಂಡಕ್ಕೀನಾ?" ಎಂದ ಮೀರಾಳ ಗಂಡ ಪ್ರಸನ್ನಕುಮಾರ.

"ನಿಮ್ಮಮ್ಮಾನೇ ಹೇಳಿಕೊಟ್ಟಿದ್ದು ಸ್ವಾಮಿ," ಎಂದಳು ಸೆಲ್ವಮ್ಮ. "ಮಂಡಕ್ಕಿ ಹಾಕಿದ್ರೆ ಪಾತ್ರೆ ತುಂಬಿದ ಹಾಗೂ ಆಯ್ತು, ಬಸ್ಸಲ್ಲಿ ಭಾರಾನೂ ಇಲ್ಲ ಅಂತ."

ಅಂಗಳ ಗೊಳ್ಳೆಂದಿತು. ಮೀರಾ ಕೊಳಗವನ್ನು ತಬ್ಬಿಕೊಂಡೇ ಕೇಳಿದಳು: "ಇಷ್ಟು ವರ್ಷ ಯಾಕೆ ಕಳಿಸಲಿಲ್ಲ ಸೆಲ್ವಮ್ಮ?"

"ಅಯ್ಯೋ ಮೀರಮ್ಮ, ನಾನು ಎಲ್ಲಿ ಇಟ್ಕೊಂಡೆ? ಅವರೇ ತಗೊಂಡು ಹೋಗೋಕೆ ಎಷ್ಟು ಸಲ ಬಂದ್ರು! ಒಂದು ಸಲ ಗಣಪತಿ ಪೆಂಡಾಲ್ ಹುಡುಗರು ಪ್ರಸಾದಕ್ಕೆ ಕೇಳಿದ್ರು, ಕೊಟ್ಟುಬಿಟ್ರು. ಇನ್ನೊಂದು ಸಲ ಬಸ್ ಸ್ಟಾಪ್ ತನಕ ಹೊತ್ಕೊಂಡು ಹೋದ್ರು. ಅಲ್ಲಿ ಯಾರೋ ಮದುವೆ ಮನೆಯವರು ಸಿಕ್ಕಿದ್ರಂತೆ, ಅವರಿಗೆ ಕೊಟ್ರು. ಅವರು ಅದನ್ನ ನನ್ನ ಮನೆಗೆ ತಂದುಕೊಟ್ಟಿದ್ದೇ ಮೊನ್ನೆ. ಅವತ್ತು ನಿಮ್ಮತ್ತೆ ಬರಿಗೈಲಿ ವಾಪಸ್ ಬಂದು, 'ಮೀರಾಗೆ ಏನು ಹೇಳ್ಲಿ ಸೆಲ್ವಿ, ಅವಳ ಅಮ್ಮನ ಕೊಳಗ ಅದು' ಅಂತ ನನ್ನ ಮುಂದೆ ಕೂತು ಅತ್ರು."

"ಮಂಡಿಗೆ ಎಣ್ಣೆ..." ಎಂದಳು ಮೀರಾ.

"ಯಾವ ಎಣ್ಣೆ?" ಎಂದಳು ಸೆಲ್ವಮ್ಮ.

ಮೀರಾಳಿಗೆ ಮೊದಲು ಬಂದದ್ದು ನಗು. ಆ ಮಂಡಿ ಇಟ್ಟುಕೊಂಡು, ಈ ಕೊಳಗ ಹೊತ್ತುಕೊಂಡು, ಬಸ್ ಸ್ಟಾಪಿನಲ್ಲಿ ಮತ್ತೆ ದಾನ ಮಾಡಿದ ಅತ್ತೆಯನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಅಳು ಬಂತು. ಕಣ್ಣೀರು ಮಂಡಕ್ಕಿಯ ಮೇಲೆ ಬಿತ್ತು. ಎಂಥ ಅತ್ತೆ ನನ್ನತ್ತೆ ಅಂದುಕೊಂಡಳು.

ಎದುರು ಮನೆಯ ಉಜ್ಜನಪ್ಪನವರು ಆಗಿನಿಂದ ಕೊಳಗವನ್ನೇ ನೋಡುತ್ತಿದ್ದರು. ಮೆಲ್ಲಗೆ ಕೆಮ್ಮಿದರು.

"ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಮ್ಮ. ಮುಂದಿನ ವಾರ ಮೊಮ್ಮಗಳ ನಾಮಕರಣ. ಪಾಯಸಕ್ಕೆ ಇಂಥದೊಂದು..."

ಮೀರಾ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಂಡಕ್ಕಿಯನ್ನು ಮೊರಕ್ಕೆ ಸುರಿದು, ಕೊಳಗವನ್ನು ಅವರ ಮುಂದಿಟ್ಟಳು.

"ಲೇ, ನಿನ್ನ ತವರಿನ ಕೊಳಗ ಕಣೆ! ಈಗ ತಾನೇ ಬಂತು," ಎಂದು ಪ್ರಸನ್ನಕುಮಾರ ಕೂಗಿದ.

"ಬರುತ್ತೆ ಬಿಡ್ರೀ," ಎಂದಳು ಮೀರಾ. "ತುಂಬ್ಕೊಂಡು ಬರುತ್ತೆ."