ಮೇಲಿನ ಹಲಗೆಯ ಕಾಗದಗಳು

ದುಬೈ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ಹೆಸರನ್ನು ಒಮ್ಮೆ ಟೈಪ್ ಮಾಡಿದ. ಪರದೆ ನೋಡಿದ. ಇನ್ನೊಮ್ಮೆ ಟೈಪ್ ಮಾಡಿದ, ಈ ಸಲ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ. ಆಮೇಲೆ ನನ್ನ ಮುಖ ನೋಡದೆ ಗೋಡೆಗೆ ಹಚ್ಚಿದ ಕುರ್ಚಿಗಳ ಕಡೆ ಬೆರಳು ತೋರಿಸಿದ. ನಾನು ಹೋಗಿ ಕೂತೆ. ನನ್ನ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಠಸ್ಸೆ ಹಾಕಿಸಿಕೊಂಡು ಒಳಗೆ ನಡೆದರು. ಸಾಲು ಕರಗಿತು, ಇನ್ನೊಂದು ಸಾಲು ಬೆಳೆಯಿತು. ನನ್ನ ಪಾಸ್‌ಪೋರ್ಟ್ ಮಾತ್ರ ಅವನ ಮೊಣಕೈ ಹತ್ತಿರ ಮಲಗಿತ್ತು.

ಅವತ್ತು ಬುಧವಾರ. ಹುಬ್ಬಳ್ಳಿಯಲ್ಲಿ ನನ್ನ ಮಗಳಿಗೆ ಎರಡು ತಿಂಗಳು ತುಂಬಿತ್ತು, ನಾನಿನ್ನೂ ಅದರ ಮುಖ ನೋಡಿರಲಿಲ್ಲ. ಹದಿಮೂರನೆಯ ದಿನ ಆಗಬೇಕಿದ್ದ ತೊಟ್ಟಿಲ ಕಾರ್ಯವನ್ನು ನನ್ನ ರಜೆಗಾಗಿ ಮುಂದೆ ಹಾಕಿದ್ದರು. "ಅಪ್ಪ ಬರೂತನಾ ಕೂಸಿಗೆ ಹೆಸರಿಲ್ಲ" ಅಂತ ಅಜ್ಜಿಯ ಠರಾವು. ಬರುವ ರವಿವಾರ ಮುಹೂರ್ತ. ಹೆಸರು ಆರಿಸುವುದು, ಅದನ್ನು ಕೂಸಿನ ಕಿವಿಯಲ್ಲಿ ಹೇಳುವುದು ಸೋದರತ್ತೆಯ ಹಕ್ಕು. ಅದಕ್ಕಾಗಿ ನನ್ನ ಅಕ್ಕ ಸೊಲ್ಲಾಪುರದಿಂದ ಬಂದು ಕೂತಿದ್ದಳು. ಹೆಸರನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಫೋನಿನಲ್ಲಿ ನಾನು ಗೋಗರೆದರೂ, "ನೀ ಬಾ, ಎಲ್ಲಾರ ಜೋಡಿ ಕೇಳೀಯಂತ" ಅಂದಿದ್ದಳು.

ಕೊನೆಗೆ ಇಬ್ಬರು ಪೊಲೀಸರು ಬಂದರು. ಒಬ್ಬನಿಗೆ ಹಿಂದಿ ಬರುತ್ತಿತ್ತು. "ನಿನ್ನ ಮೇಲೆ ಕೇಸಿದೆ. ಕೋರ್ಟು ಎರಡು ಸಲ ಕರೆದಿದೆ, ನೀನು ಹೋಗಿಲ್ಲ. ಹಿಡಿದು ತರಲು ಜಡ್ಜ್ ಹೇಳಿದ್ದಾರೆ" ಅಂದ.

"ಯಾವ ಕೇಸು, ಸಾಬ್?"

"ಅದು ನಿನಗೆ ಗೊತ್ತಿರಬೇಕು."

ದೇರಾದ ಠಾಣೆಯವರೆಗೆ ಜೀಪಿನಲ್ಲಿ ಕೂತು ನಾನು ಮಾಡಿದ ಪಾಪಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಶಾಲೆಯಲ್ಲಿ ಕದ್ದ ಪೇರಲಹಣ್ಣಿನ ತನಕ ಹೋದೆ. ದುಬೈ ಪೊಲೀಸರಿಗೆ ಬೇಕಾಗುವಂಥದ್ದು ಒಂದೂ ಸಿಗಲಿಲ್ಲ.

ಠಾಣೆಯಲ್ಲಿ ನನ್ನನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿದರು. ಕೀಲಿಯ ಸದ್ದು ದೊಡ್ಡದೇನಲ್ಲ, ನಮ್ಮ ಮನೆಯ ಟ್ರಂಕಿನ ಕೀಲಿಯಷ್ಟೇ. ಆದರೆ ಹೊರಗಿನಿಂದ ಕೇಳಿದ ಕೀಲಿಯೇ ಬೇರೆ, ಒಳಗಿನಿಂದ ಕೇಳಿದ್ದೇ ಬೇರೆ. ಒಳಗೆ ಏಳೆಂಟು ಜನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕಿಟಕಿ ಚಾವಣಿಯ ಹತ್ತಿರ ಇತ್ತು, ಅದರಲ್ಲಿ ಎಸಿಯ ಮುಂಭಾಗ ಮಾತ್ರ ಕಾಣುತ್ತಿತ್ತು. ನಾನು ಎಸಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವವ. ಅದರ ಕಂಪ್ರೆಸರ್ ಗುರುಗುಡುವುದನ್ನು ಕೇಳಿ, ಇದು ಇನ್ನೊಂದು ತಿಂಗಳು ಬಾಳುವುದಿಲ್ಲ ಅಂತ ಲೆಕ್ಕ ಹಾಕಿದೆ. ಮರುಗಳಿಗೆ, ಅದು ಕೆಡುವ ದಿನವೂ ನಾನು ಇಲ್ಲೇ ಇದ್ದರೆ ಅನ್ನಿಸಿತು.

ಕೈಚೀಲದಲ್ಲಿ ತೊಟ್ಟಿಲಿಗೆಂದು ಕೊಂಡ ತಿಳಿ ಹಳದಿ ಹೊದಿಕೆ ಇತ್ತು. ಪಕ್ಕದ ಮಲಯಾಳಿ, "ತಲೆಗೆ ಇಟ್ಟುಕೋ ಚೇಟ್ಟಾ, ಗೋಡೆ ತಣ್ಣಗಿದೆ" ಅಂದ. ಆಗದು ಅಂದೆ. ಅದನ್ನು ಆ ನೆಲಕ್ಕೆ ತಾಗಿಸಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಯೊಬ್ಬ ಕರೆದು ಫೈಲು ತೆರೆದ. ನೈಫ್ ಬಜಾರು, ಪಿಕಪ್, ಕೈಗಾಡಿ, ಗಾಯ. ಆ ನಾಲ್ಕು ಮಾತು ಕೇಳಿದ್ದೇ ನನಗೆ ಎಲ್ಲ ನೆನಪಾಯಿತು.

ಒಂದೂವರೆ ವರ್ಷದ ಹಿಂದಿನ ಮಾತು. ಆಗ ನಾನು ನೈಫಿನಲ್ಲಿ, ಕರಾವಳಿಯ ಬ್ಯಾರಿ ಕಾಕಾ ಒಬ್ಬರ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಐದಾರು ಜನರ ಜೊತೆ ಇದ್ದೆ. ಕಂಪನಿಯ ಪಿಕಪ್ಪನ್ನು ಅಂಗಡಿಯ ಮುಂದಿನ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಪಠಾಣನೊಬ್ಬನ ಕೈಗಾಡಿಗೆ ತಾಗಿಸಿದ್ದೆ. ಅವನು ಬಿದ್ದು ಮೊಣಕೈ ತರಚಿತ್ತು. ನಾನೇ ಎಬ್ಬಿಸಿ, ಅರಿಸಿನ ಹಚ್ಚಿ, ಚಹಾ ಕುಡಿಸಿದ್ದೆ. ನಮ್ಮ ಕಡೆ ಜಗಳ ಆಡಿದವರು ಒಂದೇ ಬಸಿಯಲ್ಲಿ ಚಹಾ ಕುಡಿದರೆ ಮುಗಿಯಿತು, ಪಂಚರೂ ಎದ್ದು ಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಗಸ್ತಿನ ಪೊಲೀಸು ಬಂದು ಬರೆದುಕೊಂಡಿದ್ದ. ವಿಳಾಸಕ್ಕೆ ಪೋಸ್ಟ್ ಬಾಕ್ಸ್ ಕೇಳಿದಾಗ ನಾನು ಕಾಕಾನ ಅಂಗಡಿಯದ್ದು ಕೊಟ್ಟೆ. ಕಂಪನಿಯ ಬಾಕ್ಸಿಗೆ ಬಂದದ್ದೆಲ್ಲ ಮ್ಯಾನೇಜರನ ಮೇಜು ದಾಟಿಯೇ ಬರುತ್ತಿತ್ತು. ಹಾಗಾಗಿ ಆ ಕಟ್ಟಡದ ನಾವೆಲ್ಲ ಊರಿನ ಕಾಗದಗಳನ್ನೂ ಕಾಕಾನ ಬಾಕ್ಸಿಗೇ ತರಿಸುತ್ತಿದ್ದೆವು. ತಿಂಗಳೊಪ್ಪತ್ತಿನಲ್ಲಿ ನನಗೆ ಅಬುಧಾಬಿಗೆ ವರ್ಗವಾಯಿತು. ಚಹಾ ಕುಡಿದಾಗಿತ್ತಲ್ಲ, ಮರೆತೆ. ನಡುವೆ ಒಮ್ಮೆ ರಜೆಗೆ ಊರಿಗೆ ಹೋಗಿ ಬಂದಾಗಲೂ ಯಾರೂ ತಡೆದಿರಲಿಲ್ಲ.

"ಕಾಗದಕ್ಕ ಕಾಲಿಲ್ಲ ಅಂತಾರ, ಆದ್ರ ಅದು ಓಡಿದಂಗ ಕುದುರೀನೂ ಓಡಂಗಿಲ್ಲ" ಅನ್ನುತ್ತಿದ್ದಳು ಅಜ್ಜಿ, ಕೋರ್ಟು ಕಂಡವಳು.

ಅಧಿಕಾರಿ ಹೇಳಿದ್ದು ಇಷ್ಟು: ಗುರುವಾರ, ಶುಕ್ರವಾರ ಕಚೇರಿಗಳಿಗೆ ರಜೆ. ಶನಿವಾರ ಜಡ್ಜ್ ಮುಂದೆ ನಿಲ್ಲಬೇಕು. ಅಲ್ಲಿಯವರೆಗೆ ಒಳಗೇ ಇರಬೇಕು. ಅಥವಾ ಯಾರಾದರೂ ಜಾಮೀನಿಗೆ ಬಂದು ತಮ್ಮ ಪಾಸ್‌ಪೋರ್ಟನ್ನು ಠಾಣೆಯಲ್ಲಿ ಇಡಬೇಕು. ನಾನು ಬರದಿದ್ದರೆ ಅವರು ಸಿಕ್ಕಿಬಿದ್ದ ಹಾಗೆ.

ಗಲ್ಫಿನಲ್ಲಿ ಅಣ್ಣತಮ್ಮಂದಿರೂ ಪಾಸ್‌ಪೋರ್ಟ್ ಕೊಡಲು ಹತ್ತು ಸಲ ಯೋಚಿಸುತ್ತಾರೆ. ದುಬೈಯಲ್ಲಿ ನನಗೆ ಬಾಯಿಪಾಠ ಬರುತ್ತಿದ್ದ ಫೋನ್ ನಂಬರು ಒಂದೇ, ಕಾಕಾನ ಅಂಗಡಿಯದು. ಹಚ್ಚಿದೆ.

"ಎಂತ ಮಾರಾಯಾ, ನೀನು ಇಷ್ಟೊತ್ತಿಗೆ ವಿಮಾನದಲ್ಲಿ ಇರ್ಬೇಕಿತ್ತಲ್ಲ?"

ಹೇಳಿದೆ. ಆ ಕಡೆ ತಕ್ಕಡಿ ಇಟ್ಟ ಸದ್ದು ಕೇಳಿಸಿತು. "ಸಂಜೆಯ ಅಸರ್ ನಮಾಜು ಮುಗಿಸಿ ಬರ್ತೇನೆ. ಹೆದರ್ಬೇಡ" ಅಂದರು. ಪಾಸ್‌ಪೋರ್ಟ್ ತರ್ತೀರಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಬಂದರು, ಬಿಳಿ ಟೊಪ್ಪಿ, ಮಡಚಿ ಕಟ್ಟುವ ಲುಂಗಿಯ ಬದಲು ಇಸ್ತ್ರಿ ಪ್ಯಾಂಟು. ಕೇಳುವ ಮೊದಲೇ ಪಾಸ್‌ಪೋರ್ಟನ್ನು ಅಧಿಕಾರಿಯ ಮುಂದೆ ಇಟ್ಟರು, ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಇಟ್ಟ ಹಾಗೆ.

ಅಂಗಡಿಗೆ ಬಂದ ಮೇಲೆ ನಾನು, "ಕಾಕಾ, ಕೋರ್ಟಿಂದ ಎರಡು ಕಾಗದ ಬಂದಿದ್ವಂತ. ನೀವ್ ಏನರ ನೋಡೀರೇನ್ರಿ?" ಅಂದೆ.

"ಊರಿನ ಕಾಗದ ಎಲ್ಲ ಬಿಸ್ಕತ್ ಡಬ್ಬಿಯಲ್ಲಿ ಹಾಕ್ತೇನೆ. ಇಂಗ್ಲಿಷಿನದ್ದು ಕ್ಯಾಷ್ ಡ್ರಾಯರಿನಲ್ಲಿ. ನಿನ್ನದು ಒಂದೂ ಇಲ್ಲ."

"ಅರಬ್ಬಿ ಒಳಗ ಇದ್ದರ?"

ಕಾಕಾನ ಕಣ್ಣು ನಿಧಾನಕ್ಕೆ ಮೇಲೆ ಹೋಯಿತು, ನನ್ನದೂ ಹಿಂದೆಯೇ ಹೋಯಿತು. ಚಾವಣಿಗೆ ತಾಗಿದ ಹಲಗೆಯ ಮೇಲೆ, ಅಗರಬತ್ತಿ ಪ್ಯಾಕೆಟ್ಟುಗಳ ಪಕ್ಕ, ಹಸಿರು ಬಟ್ಟೆಯ ಒಂದು ಚೀಲ. ಅರಬ್ಬಿ ಅಕ್ಷರ ಇರುವ ಯಾವ ಕಾಗದವನ್ನೂ ಕಾಕಾ ಕಸಕ್ಕೆ ಹಾಕುತ್ತಿರಲಿಲ್ಲ, ಸಾಮಾನು ಕಟ್ಟುತ್ತಿರಲಿಲ್ಲ, ಕಾಲು ತಾಗುವಲ್ಲಿ ಇಡುತ್ತಿರಲಿಲ್ಲ. ಕುರಾನನ್ನು ತಡವರಿಸದೆ ಓದುತ್ತಿದ್ದರು. ಆದರೆ ಸ್ವರಚಿಹ್ನೆ ಇಲ್ಲದ ಕಚೇರಿಯ ಅರಬ್ಬಿಯಲ್ಲಿ ಯಾರ ಹೆಸರಿದೆ ಅನ್ನುವುದೂ ಅವರಿಗೆ ತಿಳಿಯುತ್ತಿರಲಿಲ್ಲ.

ಸ್ಟೂಲು ಹತ್ತಿ ಚೀಲ ಇಳಿಸಿದರು. ಔಷಧಿ ಚೀಟಿ, ಹಳೆ ಕ್ಯಾಲೆಂಡರಿನ ಹಾಳೆ, ಖರ್ಜೂರದ ಡಬ್ಬಿಯ ಲೇಬಲ್ಲು, ಅವುಗಳ ನಡುವೆ ನೀಟಾಗಿ ಮಡಚಿದ ಎರಡು ಲಕೋಟೆ. ಅಗರಬತ್ತಿಯ ವಾಸನೆ ಹೊಡೆಯುತ್ತಿತ್ತು.

"ಲಕೋಟೆ ಒಡೆದೇ ಬಂದಿತ್ತು. ನೋಡಿದೆ, ಮೇಲೆ ಬಿಸ್ಮಿಲ್ಲಾ ಇತ್ತು" ಅಂದರು ಕಾಕಾ. ಧ್ವನಿ ಇಳಿದಿತ್ತು. "ದೇವರ ಹೆಸರು ಇದ್ದದ್ದಲ್ಲವಾ, ಅಂತ ಮೇಲಿಟ್ಟೆ. ಯಾರನ್ನಾದ್ರೂ ಕೇಳುವಾ ಅಂತ ಇತ್ತು. ಮರ್ತೇ ಹೋಯ್ತು. ನಿನ್ನ ಕುತ್ತಿಗೆಗೆ ಹಗ್ಗ ನಾನೇ ಕಟ್ಟಿದೆ ಮಾರಾಯಾ."

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಕಾಕಾ. ಕಾಗದ ಬರಲೇ ಇಲ್ಲಂತ ನಾ ಹೇಳ್ತೇನಿ. ನಿಮ್ಮ ಪಾಸ್‌ಪೋರ್ಟ್ ಬ್ಯಾರೆ ಅವರ ಕೈಯಾಗೈತಿ."

ಕಾಕಾ ಚೀಲ ಮತ್ತೆ ಮೇಲಿಟ್ಟರು, ಲಕೋಟೆ ಎರಡನ್ನೂ ಜೇಬಿಗೆ ಹಾಕಿಕೊಂಡರು.

ಪೆಟ್ಟಾದವನೇ ಬಂದು ಮಾಫಿ ಮಾಡಿದ್ದೇನೆ ಅಂದರೆ ಜಡ್ಜ್ ಬಿಡಬಹುದು ಅಂತ ಠಾಣೆಯ ಅಧಿಕಾರಿ ಹೇಳಿದ್ದ. ಗುರುವಾರ ಇಡೀ ದಿನ ನೈಫ್ ಓಣಿಗಳಲ್ಲಿ ಕೈಗಾಡಿಗಳ ಹಿಂದೆ ಅಲೆದೆ. ಹಿಂದಿನಿಂದ ನೋಡಿದರೆ ಎಲ್ಲ ಪಠಾಣರೂ ಅವನೇ, ಮುಂದೆ ಹೋಗಿ ನೋಡಿದರೆ ಯಾರೂ ಅವನಲ್ಲ. ನಾನು ಬಂಧನದಿಂದ ಹೊರಗಿದ್ದೆ ಅನ್ನುವುದು ಹೆಸರಿಗಷ್ಟೇ. ಪಾಸ್‌ಪೋರ್ಟ್ ಇಲ್ಲದ ಮೇಲೆ ಇಡೀ ದುಬೈ ಅದೇ ಕೋಣೆ, ಗೋಡೆ ಸ್ವಲ್ಪ ದೂರ ಅಷ್ಟೇ. ಪೊಲೀಸ್ ಜೀಪು ಕಂಡರೆ ಬಟ್ಟೆ ಅಂಗಡಿಯೊಳಗೆ ನುಗ್ಗಿ ಬೇಡದ ಸೀರೆಯ ಸೆರಗು ಹಿಡಿದು ನಿಲ್ಲುತ್ತಿದ್ದೆ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಕಾಕಾನೇ ಆ ಪಠಾಣನನ್ನು ಕರೆದುಕೊಂಡು ಬಂದರು. ಮಸೀದಿಯ ಹೊರಗಿನ ಚಹಾದ ಅಂಗಡಿಯಲ್ಲಿ ಸಿಕ್ಕನಂತೆ. ಗಡ್ಡಕ್ಕೆ ಮದರಂಗಿ ಹಚ್ಚಿದ್ದ. ನನ್ನನ್ನು ನೋಡಿ ಮೊಣಕೈ ಮೇಲೆತ್ತಿ ತೋರಿಸಿದ, ಕಲೆಯೂ ಇರಲಿಲ್ಲ.

"ಚಾಯ್ ಪೀ ಲಿಯಾ ಥಾ, ಬಾತ್ ಖತಂ" ಅಂದ. "ಕೇಸು ಎಲ್ಲಿಂದ ಬಂತು?"

ಅವನ ಪಂಚಾಯಿತಿಯೂ ನಮ್ಮದರ ಹಾಗೆಯೇ ಅಂತ ಆಗ ಗೊತ್ತಾಯಿತು.

ಶನಿವಾರ ಕೋರ್ಟಿನಲ್ಲಿ ನಮ್ಮ ಸರದಿ ಬರುವಾಗ ಹತ್ತು ಗಂಟೆ ದಾಟಿತ್ತು. ಜಡ್ಜ್ ಕೇಳಿದ್ದನ್ನು ದುಭಾಷಿ ಹಿಂದಿಯಲ್ಲಿ ಹೇಳುತ್ತಿದ್ದ. ಪಠಾಣ ಕೈಯನ್ನು ಎದೆಗಿಟ್ಟು, ಮಾಫಿ ಮಾಡಿದ್ದೇನೆ ಅಂದ. ಜಡ್ಜ್ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಸರಿ. ಆದರೆ ಕೋರ್ಟು ಕರೆದಾಗ ಯಾಕೆ ಬರಲಿಲ್ಲ?"

"ಕಾಗದ ಬರಲಿಲ್ಲ, ಸಾಬ್" ಅಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಎದ್ದ ಸದ್ದಾಯಿತು. ತಿರುಗಿ ನೋಡಬೇಕಾಗಿರಲಿಲ್ಲ. ಅಗರಬತ್ತಿಯ ವಾಸನೆ ಮುಂದೆ ಬಂತು.

"ಬಂದಿದೆ. ನನ್ನ ಹತ್ರ ಇತ್ತು" ಅಂದರು ಕಾಕಾ, ತಮ್ಮ ಹರಕು ಹಿಂದಿಯಲ್ಲಿ. ನಾನು ಅವರ ತೋಳು ಹಿಡಿದು, "ಬ್ಯಾಡ್ರಿ ಕಾಕಾ" ಅಂದೆ. ಅವರು ಕೈ ಬಿಡಿಸಿಕೊಂಡರು. "ಸುಳ್ಳು ಹೇಳ್ಲಿಕ್ಕೆ ಈ ಪ್ರಾಯದಲ್ಲಿ ಕಲೀಬೇಕಾ ನಾನು?" ಅಂತ ನನಗೆ ಕನ್ನಡದಲ್ಲಿ ಬೈದು, ಎರಡು ಲಕೋಟೆಗಳನ್ನೂ ಮುಂದಿಟ್ಟರು. ಹಲಗೆಯ ಕಥೆ, ಬಿಸ್ಮಿಲ್ಲಾದ ಕಥೆ ಎಲ್ಲ ಹೇಳಿದರು. ದುಭಾಷಿ ಅರ್ಧದಲ್ಲಿ ನಿಂತು ಇನ್ನೊಮ್ಮೆ ಕೇಳಿಸಿಕೊಂಡು ಮುಂದುವರಿಸಿದ. ನನ್ನ ಸುಳ್ಳು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಇಬ್ಬರನ್ನೂ ಒಳಗೆ ಹಾಕುತ್ತಾರೆ ಅಂದುಕೊಂಡೆ.

ಜಡ್ಜ್ ಲಕೋಟೆಯನ್ನು ಮೂಗಿನ ಹತ್ತಿರ ತಂದು ಇಳಿಸಿದರು. ಕಾಕಾನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನೋ ಹೇಳಿದರು. ದುಭಾಷಿಯ ಮೀಸೆ ಅಲುಗಿತು. "ಮುಂದಿನ ಸಲ ಮೇಲಿಡುವ ಮೊದಲು ಅರಬ್ಬಿ ಬಲ್ಲವರಿಗೆ ತೋರಿಸಿ ಅಂತಿದ್ದಾರೆ." ನನ್ನ ಕಡೆ ತಿರುಗಿ, "ನಿನಗೆ, ಮುದುಕನಿಂದ ಕಲಿ ಅಂತಿದ್ದಾರೆ. ಖಲಾಸ್, ಹೋಗಿ."

ಆದರೆ ಖಲಾಸ್ ಅಂದದ್ದು ಜಡ್ಜ್. ಕಂಪ್ಯೂಟರು ಅನ್ನಬೇಕಿತ್ತು. ಕೋರ್ಟಿನ ಕಾಗದ ಠಾಣೆಗೆ ಹೋಗಿ, ಠಾಣೆಯವರು ನನ್ನ ಹೆಸರನ್ನು ಪರದೆಯಿಂದ ತೆಗೆಯಬೇಕು. ಕಾಕಾನ ಪಾಸ್‌ಪೋರ್ಟ್ ಅವತ್ತೇ ಕೈಗೆ ಬಂತು, ನನ್ನದು ಬರಲಿಲ್ಲ. "ಬುಕ್ರಾ" ಅಂದರು. ನಾಳೆ. ನಾಳೆ ಅಂದರೆ ರವಿವಾರ.

ರವಿವಾರ ಬೆಳಿಗ್ಗೆ ನೈಫಿನ ಫೋನ್ ಬೂತಿನಲ್ಲಿ ಕಾರ್ಡು ಹಾಕಿ ನಿಂತೆ. ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಮನೆಯವರದ್ದು. ಬುಧವಾರ ರಾತ್ರಿಯೇ ಹಚ್ಚಿ, ಪಾಸ್‌ಪೋರ್ಟಿನ ತೊಂದರೆ, ಬರುವುದು ತಡ ಅಂತ ಹೇಳಿದ್ದೆ. ಅಜ್ಜಿ ಬಂದಳು. "ಬರಲಿಲ್ಲಲ್ಲೋ ನೀ."

"ಇನ್ನೆರಡು ದಿನ ತಡೀ ಅಜ್ಜಿ."

"ನಿಮ್ಮಕ್ಕನ ರಜಾ ಇವತ್ತಿಗೆ ಮುಗೀತು. ಕೂಸು ಹೆಸರಿಲ್ಲದ ಎಷ್ಟು ದಿನ ಇರಬೇಕಪ್ಪಾ? ಫೋನ್ ಹಂಗ ಹಿಡಕೋ. ಕಿಡಿಕ್ಯಾಗ ಇಡ್ತೇನಿ, ಕೇಳತೈತಿ."

ಕೇಳಿಸಿತು. ಬಳೆಗಳ ಸದ್ದು, ಜೋಗುಳ, ಯಾರೋ ಗುಗ್ಗರಿ ಕೇಳಿದ್ದು, ಹೆಸರು ಹೇಳಿದ ಕೂಡಲೇ ಅಕ್ಕನ ಬೆನ್ನಿಗೆ ಗುದ್ದುವ ಶಾಸ್ತ್ರಕ್ಕೆ ಕಾದ ಹೆಂಗಸರ ನಗೆ. ಒಂದು ಸಣ್ಣ ಅಳು ಕೇಳಿಸಿತು. ಅದು ನನ್ನ ಮಗಳದೇ ಇರಬೇಕು. ಗಾಜಿನ ಬೂತಿನೊಳಗೆ ಸೆಕೆ ಏರಿತ್ತು, ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಹಾಡು ನಿಂತಿತು. ಎಲ್ಲರೂ ಸುಮ್ಮನಾದರು. ಅಕ್ಕ ತೊಟ್ಟಿಲಿಗೆ ಬಗ್ಗಿರಬೇಕು. ಅಷ್ಟರಲ್ಲಿ ಕಾರ್ಡು ಮುಗಿಯಿತು.

ಹೊಸ ಕಾರ್ಡು ಕೊಂಡು ಮತ್ತೆ ಹಚ್ಚಿದರೆ ಎಂಗೇಜು. ಅವರು ಫೋನನ್ನು ಕಿಟಕಿಯಲ್ಲೇ ಮರೆತಿದ್ದರು. ಸಂಜೆಯವರೆಗೂ ಎಂಗೇಜು. ಕಾಕಾ ಅಂಗಡಿಯಿಂದ ಕೂಗಿ ಕೇಳಿದರು, "ಎಂತ ಹೆಸರಿಟ್ರು?" ಗೊತ್ತಿಲ್ಲ ಅಂದೆ. ಅವರು ಮೇಲಿನ ಹಲಗೆಯ ಕಡೆ ಒಮ್ಮೆ ನೋಡಿ, ಒಳಗೆ ಹೋದರು. ಮರುದಿನ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಇಷ್ಟಾದ ಮೇಲೆ ಅದನ್ನು ಫೋನಿನಲ್ಲಿ ಕೇಳಬಾರದು ಅನ್ನಿಸಿತು.

ಮಂಗಳವಾರ ಪಾಸ್‌ಪೋರ್ಟ್ ಸಿಕ್ಕಿತು. ವಿಮಾನ ನಿಲ್ದಾಣದಲ್ಲಿ ಅದೇ ಸಾಲು, ಬೇರೆ ಅಧಿಕಾರಿ. ಕಾಕಾ ಹೊರಗಿನ ಗಾಜಿಗೆ ಹಣೆ ಹಚ್ಚಿ ನಿಂತಿದ್ದರು. ಅಧಿಕಾರಿ ಹೆಸರು ಟೈಪ್ ಮಾಡಿದ. ಪರದೆ ನೋಡಿದ. ನನ್ನ ಕಣ್ಣು ಗೋಡೆ ಪಕ್ಕದ ಕುರ್ಚಿಗಳ ಕಡೆ ತಾನಾಗಿಯೇ ಹೋಯಿತು.

"ಕೇಸು ಇತ್ತು" ಅಂದ ಅವನು ಹಿಂದಿಯಲ್ಲಿ.

"ಖಲಾಸ್, ಸಾಬ್. ಮುಗಿದಿದೆ."

"ಊರಿಗೆ ಯಾಕೆ?"

"ಮಗಳು ಹುಟ್ಟಿದ್ದಾಳೆ."

"ಮಾಷಾಅಲ್ಲಾ. ಹೆಸರೇನು?"

ಯಾವುದೋ ಒಂದು ಹೆಸರು ಹೇಳಿಬಿಡಬಹುದಿತ್ತು. ಆದರೆ ಈ ವಾರ ಒಮ್ಮೆ ಸುಳ್ಳು ಹೇಳಿ ನೋಡಿದ್ದೆ. "ಗೊತ್ತಿಲ್ಲ, ಸಾಬ್" ಅಂದೆ.

ಅವನ ಕೈ ಠಸ್ಸೆಯ ಮೇಲೆಯೇ ನಿಂತಿತು. ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ. "ನೀನೆಂಥ ಅಪ್ಪ?" ಅಂದ. ಆಮೇಲೆ ನಕ್ಕು ಠಸ್ಸೆ ಒತ್ತಿದ. "ಯಲ್ಲಾ, ಹೋಗಿ ಕೇಳು."