ನೋಡದೆ ಬರೆದ ಪಾಠ

ಹೊಸ ರಟ್ಟಿನ ಪುಸ್ತಕದ ಅಂಟಿನ ವಾಸನೆ ನನಗೆ ಆಗಿಬರುವುದಿಲ್ಲ. ಕಳೆದ ವಾರ ಹಾನಗಲ್ಲಿನಲ್ಲಿ, ಪ್ರೌಢಶಾಲೆಗಳಿಗೆ ಹೊಸದಾಗಿ ನೇಮಕವಾದ ಇಂಗ್ಲಿಷ್ ಶಿಕ್ಷಕರ ತರಬೇತಿ ನಡೆದಿತ್ತು. ಸುದ್ದಿಗೆಂದು ಹೋಗಿದ್ದೆ. ಬಾಗಿಲ ಬಳಿಯ ಮೇಜಿನ ಮೇಲೆ ಪಾಠ ವೀಕ್ಷಣೆಯ ಪುಸ್ತಕಗಳನ್ನು ಪೇರಿಸಿಟ್ಟಿದ್ದರು. ಒಂದನ್ನು ತೆರೆದೆ, ಅದೇ ವಾಸನೆ... ಭಾಷಣಗಳು ಮುಗಿಯುವಷ್ಟರಲ್ಲಿ ಮೂರು ಸಲ ಎದ್ದು ಹೊರಗೆ ಹೋಗಿಬಂದೆ.

ನೆನಪಾದವರು ನಮ್ಮ ಮೇಡಂ. ಪತ್ರಿಕೆಗೆ ಸೇರುವ ಮೊದಲು ನಾನು ಬಿ.ಎಡ್. ಓದಿದವನು. ಇಂಗ್ಲಿಷನ್ನು ಕಲಿಸುವುದು ಹೇಗೆಂದು ನಮಗೆ ಹೇಳಿಕೊಡುತ್ತಿದ್ದವರು ಅವರು. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಮನೆಯವರು, ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಶಿಗ್ಗಾವಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಾವು ಅಭ್ಯಾಸ ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಕುಳಿತು ಮಕ್ಕಳನ್ನೇ ನೋಡುತ್ತಿದ್ದರು. ಈ ವಯಸ್ಸಿನ ಮಕ್ಕಳಿಗೆ ಇಂಗ್ಲಿಷಿಗಿಂತ ಪಕ್ಕದವರ ನಗುವಿನ ಅಂಜಿಕೆ ದೊಡ್ಡದು, ಮೊದಲು ಅದನ್ನು ತೆಗೆಯಿರಿ ಎನ್ನುತ್ತಿದ್ದರು. ನಾವು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದೆವು.

ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ನೋಡಿ ವೀಕ್ಷಣೆ ಬರೆಯಬೇಕೆಂಬುದು ನಿಯಮ. ನಮ್ಮಲ್ಲಿ ಅದು ಚಹದಂಗಡಿಯ ಕೆಲಸವಾಗಿತ್ತು. ನಿನ್ನದನ್ನು ನಾನು, ನನ್ನದನ್ನು ನೀನು. ನನ್ನ ಬರವಣಿಗೆ ಚೆನ್ನಾಗಿದೆಯೆಂದು ಉಳಿದವರೂ ಪುಸ್ತಕ ತಂದು ನನ್ನ ಮುಂದೆ ಇಡುತ್ತಿದ್ದರು. ಹಂಸಭಾವಿಯ ಗೆಳೆಯನೊಬ್ಬ ಒಂಬತ್ತನೇ ತರಗತಿಗೆ ಪಾಠ ಮಾಡುವ ಹೊತ್ತಿಗೆ ನಾನು ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತ ಅವನ ಪುಸ್ತಕ ತುಂಬಿಸಿದೆ. ಮಕ್ಕಳೆಲ್ಲ ಉತ್ಸಾಹದಿಂದ ಪಾಲ್ಗೊಂಡರೆಂದು ಬರೆದೆ.

ಮರುದಿನ ಮೇಡಂ ಆ ಪುಸ್ತಕ ಹಿಡಿದು ನನ್ನನ್ನು ವರಾಂಡಕ್ಕೆ ಕರೆದರು. ಹಿಂದಿನ ದಿನದ ತರಗತಿಯಲ್ಲಿ ಒಬ್ಬ ಹುಡುಗಿ ಓದಲು ಎದ್ದು ನಿಂತು ತಡವರಿಸಿದ್ದಳು, ತರಗತಿ ನಕ್ಕಿತ್ತು. ಗೆಳೆಯನೂ ನಕ್ಕು, ನಿನಗೆ ಇದು ಬರುವ ವಿದ್ಯೆಯಲ್ಲ, ಕುಳಿತುಕೋ ಎಂದಿದ್ದ. ಅವಳು ಆ ದಿನ ಇಂಗ್ಲಿಷ್ ಅವಧಿಗೆ ಬಾರದೆ ನೀರಿನ ಟಾಕಿಯ ಹಿಂದೆ ನಿಂತಿದ್ದಳು, ಮೇಡಂ ಕಂಡು ಕೇಳಿ ತಿಳಿದುಕೊಂಡಿದ್ದರು. ಇಷ್ಟನ್ನು ಹೇಳಿ ಮೇಡಂ ನಾನು ಬರೆದ ಹಾಳೆಯನ್ನು ತಿರುಗಿಸಿ ಹಿಡಿದರು.

“ಇದರಾಗ ಆ ಹುಡುಗಿ ಎಲ್ಲಿ ಅದಾಳ್ರಿ? ತೋರಸ್ರಿ.”

ಉಳಿದ ಎರಡು ವಾರ ಒಂಬತ್ತನೇ ತರಗತಿ ನಿಮ್ಮದು, ಆ ಹುಡುಗಿಯ ಬಗ್ಗೆ ದಿನವೂ ಬರೆಯಬೇಕು, ಕೊನೆಯ ದಿನ ಪುಸ್ತಕ ನೋಡಿ ಸಹಿ ಹಾಕುವುದೋ ಬೇಡವೋ ತೀರ್ಮಾನಿಸುತ್ತೇನೆ ಎಂದರು. ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಹುಡುಗಿ ಮೂರನೇ ದಿನ ತರಗತಿಗೆ ಬಂದಳು. ಬಾಯಿ ಬಿಡಲಿಲ್ಲ. ಚಿತ್ರ ತಂದೆ, ಆಟ ಆಡಿಸಿದೆ, ಇಬ್ಬಿಬ್ಬರನ್ನು ಕೂರಿಸಿ ಮಾತಾಡಿಸಿದೆ. ತರಗತಿಯೆಲ್ಲ ಗದ್ದಲ, ಅವಳೊಬ್ಬಳು ಪೆನ್ಸಿಲ್ ಚೂಪು ಮಾಡುತ್ತ ಕುಳಿತಿರುತ್ತಿದ್ದಳು. ಒಂದು ದಿನ ಹತ್ತಿರ ಹೋಗಿ, ಯಾಕೆ ಮಾತಾಡುವುದಿಲ್ಲ ಎಂದು ಮೆಲ್ಲಗೆ ಕೇಳಿದೆ.

“ನನಗ ಬರೂದಿಲ್ರಿ ಸರ. ಆ ಸರ ಹೇಳ್ಯಾರಲ್ರಿ” ಎಂದಳು. ಸಿಟ್ಟಿಲ್ಲದ, ಮುಗಿದುಹೋದ ವಿಷಯ ತಿಳಿಸುವಂಥ ದನಿ.

ದಿನಗಳು ಕರಗಿದಂತೆ ನನಗೆ ನಿದ್ದೆ ಬಾರದಾಯಿತು. ಗೆಳೆಯನೇ ಉಪಾಯ ಹೇಳಿದ. “ಲೇ, ಒಂದ ಸಾಲು ಬಾಯಿಪಾಠ ಮಾಡಿಸಿ ಮೇಡಂ ಮುಂದ ಹೇಳಿಸಿಬಿಡೋ. ಬರಿಯೂದರಾಗ ಹುಲಿ ನೀ, ಇಷ್ಟು ಗೊತ್ತಾಗೂದಿಲ್ಲೇನು?” ಸಾಲನ್ನು ಬರೆದೂ ಇಟ್ಟುಕೊಂಡೆ. ಕೊನೆಯ ದಿನದವರೆಗೂ ಅದು ಕಿಸೆಯಲ್ಲಿತ್ತು. ಅವಳಿಗೆ ಕೊಡಲಾಗಲಿಲ್ಲ. ಪುಸ್ತಕದಲ್ಲಿ, ಈ ದಿನವೂ ಮಾತಾಡಲಿಲ್ಲ, ಗೋಡೆ ಬದಿಯ ಬೆಂಚಿನಿಂದ ಮಧ್ಯದ ಬೆಂಚಿಗೆ ಬಂದು ಕುಳಿತಳು ಎಂದು ಬರೆದು ಮೇಡಂಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಸಹಿ ಹಾಕಿದರು.

“ನಿಮ್ಮದು ಮುಗೀತ್ರಿ. ಆಕೀದು ಇನ್ನೂ ಮುಗಿದಿಲ್ಲ.”

ನನಗೆ ಮೊದಲ ಮಾತಷ್ಟೇ ಕೇಳಿಸಿತ್ತು. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದೆ. ಪರೀಕ್ಷೆಯಲ್ಲಿ ಪಾಸಾದೆ, ಶಿಕ್ಷಕನಾಗಲಿಲ್ಲ. ಮೇಡಂ ಆಮೇಲೆ ಪ್ರತಿ ಶನಿವಾರ ಆ ಹಳ್ಳಿ ಶಾಲೆಗೆ ಹೋಗುತ್ತಿದ್ದರೆಂದು, ಒಂಬತ್ತನೇ ತರಗತಿಯ ಜೊತೆಗೇ ಕೂರುತ್ತಿದ್ದರೆಂದು ಗೆಳೆಯ ಹೇಳಿದ. ಅವನು ಈಗ ಹಿರೇಕೆರೂರಿನ ಕಡೆ ಮುಖ್ಯಶಿಕ್ಷಕ. ಆ ಹುಡುಗಿಯ ಸುದ್ದಿ ಬಂದರೆ ಮಾತು ಬದಲಿಸುತ್ತಾನೆ.

ಮೇಡಂ ನನಗೆ ಎರಡು ಸಲ ಸಿಕ್ಕಿದ್ದರು. ಸವಣೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ, ಒಂದು ಮದುವೆಯಲ್ಲಿ ಒಮ್ಮೆ. ಎರಡೂ ಸಲ ನಾನು ನನ್ನ ಪತ್ರಿಕೆ, ನನ್ನ ಓಡಾಟದ ಬಗ್ಗೆ ಹೇಳಿದೆ. ಅವರು ಕೇಳಿಸಿಕೊಂಡರು, ನಾನು ಇನ್ನೇನೋ ಕೇಳುತ್ತೇನೆಂದು ಕಾದಂತೆ ತುಸು ಹೊತ್ತು ನಿಂತರು... ನಾನು ಕೇಳಲಿಲ್ಲ. ಊರೂರಿನವರನ್ನು ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು.

ಅವರು ತೀರಿಕೊಂಡಾಗ ನಿಧನ ವಾರ್ತೆ ಬರೆದವನೂ ನಾನೇ. ಫೋನಿನಲ್ಲಿ ವಯಸ್ಸು, ಮಣ್ಣು ಮಾಡುವ ಸಮಯ ತಿಳಿದುಕೊಂಡು, ಅಪಾರ ಶಿಷ್ಯವೃಂದವನ್ನು ಅಗಲಿದ್ದಾರೆ ಎಂದು ಸೇರಿಸಿ ಕಳಿಸಿದೆ. ಮಣ್ಣಿಗೆ ಹೋಗಲಿಲ್ಲ. ಹೋಗಿದ್ದರೆ ಅಲ್ಲಿ ಯಾರು ಯಾರು ಬಂದಿದ್ದರೆಂದು ಕಣ್ಣಾರೆ ನೋಡಬಹುದಿತ್ತು. ಆ ಹುಡುಗಿಯೂ ಬಂದಿದ್ದಳೇನೋ.

ಹಾನಗಲ್ಲಿನಿಂದ ಬಂದು ಐದು ದಿನವಾಯಿತು. ತರಬೇತಿಯ ಸುದ್ದಿ ಮರುದಿನವೇ ಅಚ್ಚಾಗಿದೆ. ಅವಳು ಕೊನೆಗೆ ಮಾತಾಡಿದಳೋ ಇಲ್ಲವೋ ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಬದುಕಿದ್ದಷ್ಟು ದಿನ ನನಗೆ ಕೇಳಲು ಪುರಸೊತ್ತಿರಲಿಲ್ಲ.