ಮೊದಲು ಮುಖ, ಆಮೇಲೆ ಸ್ಕ್ರೀನ್

ಚೆನ್ನೈನ ಕ್ರೋಂಪೇಟೆಯ ಆಸ್ಪತ್ರೆಯೊಂದರ ಐಸಿಯುವಿನಲ್ಲಿ, ಹಾಸಿಗೆಯ ಪಕ್ಕದಲ್ಲೇ ನಿಂತು ಅಲ್ಟ್ರಾಸೌಂಡ್ ಮಾಡುವುದನ್ನು ನಮಗೆ ಕಲಿಸಿದ ಮೇಡಂ ಅವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೈಮೇಲೆ ಆಡಿಸುವ ಪ್ರೋಬ್ ಕೈಗೆತ್ತಿಕೊಂಡರೆ ಸಾಕು, ಬೆನ್ನ ಹಿಂದಿನಿಂದ ಬರುತ್ತಿತ್ತು: "ಮೊದಲು ಮುಖ ನೋಡು ಕಣ್ಣಾ, ಆಮೇಲೆ ಸ್ಕ್ರೀನ್." ತಲೆಮಾರುಗಳಿಂದ ಮದರಾಸಿನಲ್ಲಿರುವ ಮನೆತನದ ಕನ್ನಡ ಅವರದು, ಬೈಗುಳಕ್ಕೂ ತಮಿಳರ ಮುದ್ದುಮಾತು 'ಕಣ್ಣಾ' ಸೇರಿಸುತ್ತಿದ್ದರು. ರೋಗಿಯ ಮೈಗೆ ಹಚ್ಚುವ ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಬೆಚ್ಚಗಾಯಿತೇ ಎಂದು ತಮ್ಮ ಮೊಣಕೈಗೆ ಹಚ್ಚಿ ನೋಡುವವರೆಗೆ ನಾವೆಲ್ಲ ಕಾಯಬೇಕು. ಮುಖ ನೋಡಿಯೇ ರೋಗ ತಿಳಿಯುವುದಾದರೆ ಈ ಮೆಷಿನ್ ಯಾಕೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಪಲ್ಲಾವರಂನ ಅಜ್ಜಿಯೊಬ್ಬರ ಹೃದಯ ನೋಡುತ್ತಿದ್ದೆ. ಅಳತೆ ತೆಗೆಯಲೆಂದು ಚಿತ್ರ ನಿಲ್ಲಿಸುವ ಗುಂಡಿ ಒತ್ತಿದವನು, ಒತ್ತಿದ್ದನ್ನೇ ಮರೆತು ಮತ್ತೆ ಪ್ರೋಬ್ ಆಡಿಸಿದೆ. ಪರದೆಯ ಮೇಲೆ ಹೃದಯ ಅಲುಗಾಡಲಿಲ್ಲ. "ಹಾರ್ಟ್ ನಿಂತಿದೆ!" ಎಂದು ಕೂಗಿ, ಎದೆ ಒತ್ತಲು ಎರಡೂ ಅಂಗೈ ಊರಿದೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ಎನ್ನ ತಂಬಿ ಪಣ್ಣುರೆ?" ಏನಪ್ಪಾ ಮಾಡ್ತಿದ್ದೀಯ ಎಂದು ಕೇಳಿದರು.

ಮೇಡಂ ಬಂದು ಆ ಗುಂಡಿಯನ್ನು ಮತ್ತೊಮ್ಮೆ ಒತ್ತಿದರು. ಹೃದಯ ಕುಣಿಯತೊಡಗಿತು. "ಪಾಟಿ, ಇದು ಉಂಗ ಹಾರ್ಟ್, ಪಾರುಂಗ," ನಿಮ್ಮ ಹಾರ್ಟ್ ನೋಡಿ ಅಜ್ಜಿ ಎಂದು ಪರದೆಯನ್ನು ಅಜ್ಜಿಯತ್ತ ತಿರುಗಿಸಿದರು.

ಅಜ್ಜಿ ಅತ್ತ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಪಾಪ, ಹುಡುಗ ಹೆದರಿಬಿಟ್ಟಿದ್ದಾನೆ, ಕುಡಿಯಲು ನೀರು ಕೊಡಮ್ಮ ಎಂದು ತಮಿಳಿನಲ್ಲಿ ಹೇಳಿದರು.

ಮೇಡಂ ನನ್ನ ಕಡೆ ತಿರುಗಿದರು. "ಪಾಟಿಗೆ ಯಾರು ಕಣ್ಣಾ ಟ್ರೈನಿಂಗ್ ಕೊಟ್ಟಿದ್ದು?"